ನಿಸರ್ಗ ಛಾಯಾಗ್ರಹಣ: ಹವ್ಯಾಸದ ಜೊತೆಗೆ ಹೊಣೆ

ಭಾನುವಾರದ ಮುಂಜಾನೆ ಬೆಂಗಳೂರಿನ ಲಾಲ್‌ಬಾಗ್, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಅಥವಾ ಧಾರವಾಡದ ಕೆಲಗೇರಿ ಕೆರೆ ದಂಡೆಗೆ ಹೋದವರಿಗೆ ಒಂದು ದೃಶ್ಯ ಸಾಮಾನ್ಯವಾಗಿ ಕಾಣಸಿಗುತ್ತದೆ. ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡ ನಾಲ್ಕಾರು ಮಂದಿ ಮರದ ತುದಿಯನ್ನೋ ನೀರಂಚಿನ ಜೊಂಡನ್ನೋ ದಿಟ್ಟಿಸುತ್ತ ನಿಂತಿರುತ್ತಾರೆ. ಅವರಲ್ಲಿ ಬ್ಯಾಂಕ್ ನೌಕರರಿದ್ದಾರೆ, ಸಾಫ್ಟ್‌ವೇರ್ ಎಂಜಿನಿಯರುಗಳಿದ್ದಾರೆ, ವೈದ್ಯರು, ಶಿಕ್ಷಕರು, ನಿವೃತ್ತರು, ಕಾಲೇಜು ವಿದ್ಯಾರ್ಥಿಗಳಿದ್ದಾರೆ. ಛಾಯಾಗ್ರಹಣ ಅವರ ಹೊಟ್ಟೆಪಾಡಲ್ಲ. ಹಕ್ಕಿ, ಹುಳು, ಹೂವು, ಬೆಟ್ಟಗಳ ಚಿತ್ರ ತೆಗೆಯುವುದು ಅವರ ಬಿಡುವಿನ ವೇಳೆಯ ಸಂಗಾತಿ.

ಒಂದು ಕಾಲಕ್ಕೆ ಉಳ್ಳವರ ಹವ್ಯಾಸವೆನಿಸಿದ್ದ ನಿಸರ್ಗ ಛಾಯಾಗ್ರಹಣ ಕಳೆದ ಎರಡು ದಶಕಗಳಲ್ಲಿ ಮಧ್ಯಮ ವರ್ಗದ ಮನೆಯಂಗಳಕ್ಕೆ ಬಂದಿದೆ. ಇದರಿಂದ ರಾಜ್ಯದ ಜೀವವೈವಿಧ್ಯದ ಬಗೆಗಿನ ತಿಳಿವಳಿಕೆ ಹೆಚ್ಚಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಅದೇ ವೇಳೆ ಹಕ್ಕಿಯ ಗೂಡಿನ ಮುಂದೆ ಜನ ಸಾಲುಗಟ್ಟಿ ನಿಲ್ಲುವುದು, ಹುಲ್ಲುಗಾವಲಿನ ಮೇಲೆ ಕಾರು ಓಡಿಸುವುದು, ಅಪರೂಪದ ಹೂವಿನ ಗಿಡಗಳನ್ನು ತುಳಿಯುವುದು ಕೂಡ ಇದೇ ಹವ್ಯಾಸದ ಹೆಸರಿನಲ್ಲಿ ನಡೆದಿದೆ. ಪ್ರೀತಿಸಿದ ವಸ್ತುವಿಗೇ ಕೇಡು ಮಾಡದಿರುವುದು ಹೇಗೆ ಎಂಬ ಪ್ರಶ್ನೆ ಇಂದು ಈ ಹವ್ಯಾಸದ ನಡುಮಧ್ಯೆ ನಿಂತಿದೆ.

ಏನಿದು ನಿಸರ್ಗ ಛಾಯಾಗ್ರಹಣ?

ಮನುಷ್ಯನ ಹಸ್ತಕ್ಷೇಪವಿಲ್ಲದ ಪ್ರಕೃತಿಯನ್ನು ಇದ್ದಂತೆ ಚಿತ್ರಿಸುವುದೇ ನಿಸರ್ಗ ಛಾಯಾಗ್ರಹಣ. ವನ್ಯಪ್ರಾಣಿ, ಪಕ್ಷಿ, ಕೀಟ, ಸಸ್ಯ, ಭೂದೃಶ್ಯ, ಮೋಡ-ಮಿಂಚು ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟವಾದ ಫಿಯಾಪ್, ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ ಮತ್ತು ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಸೇರಿ 2014ರಲ್ಲಿ ಇದಕ್ಕೊಂದು ಸಮಾನ ವ್ಯಾಖ್ಯೆಯನ್ನು ಒಪ್ಪಿಕೊಂಡವು. ಅದರ ಪ್ರಕಾರ ಸ್ಪರ್ಧೆಗೆ ಕಳುಹಿಸುವ ಚಿತ್ರದ ಅಂಚನ್ನು ಕತ್ತರಿಸಬಹುದು, ಬೆಳಕು-ಬಣ್ಣವನ್ನು ಮೂಲ ದೃಶ್ಯಕ್ಕೆ ಹೊಂದುವಂತೆ ತಿದ್ದಬಹುದು. ಆದರೆ ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ, ಇದ್ದದ್ದನ್ನು ಅಳಿಸುವಂತಿಲ್ಲ. ತೋಟಗಾರಿಕೆಯ ಮಿಶ್ರತಳಿ ಹೂವುಗಳು, ಸಾಕುಪ್ರಾಣಿಗಳು ಈ ವಿಭಾಗಕ್ಕೆ ಸಲ್ಲುವುದಿಲ್ಲ.

ಈ ನಿಯಮದ ಹಿಂದಿನ ತಿರುಳು ಸರಳವಾದುದು. ನಿಸರ್ಗದ ಚಿತ್ರ ನೋಡುವವನಿಗೆ ಅದು ನಿಜವೆಂಬ ನಂಬಿಕೆ ಇರುತ್ತದೆ. ಆ ನಂಬಿಕೆಯೇ ಇಂತಹ ಚಿತ್ರದ ಬೆಲೆ. ಗಣಕಯಂತ್ರವೇ ಚಿತ್ರ ಸೃಷ್ಟಿಸುವ ಈ ದಿನಗಳಲ್ಲಿ ಮಾತು ಇನ್ನಷ್ಟು ಪ್ರಸ್ತುತ.

ಕನ್ನಡ ನಾಡಿನ ಪರಂಪರೆ

ಭಾರತದ ಕಾಡಿನಲ್ಲಿ ಬಂದೂಕಿನ ಬದಲು ಕ್ಯಾಮೆರಾ ಹಿಡಿದ ಮೊದಲಿಗರಲ್ಲಿ ಎಫ್.ಡಬ್ಲ್ಯು. ಚಾಂಪಿಯನ್ ಪ್ರಮುಖರು. ಬ್ರಿಟಿಷ್ ಅರಣ್ಯಾಧಿಕಾರಿಯಾಗಿದ್ದ ಅವರು 1920ರ ದಶಕದಲ್ಲಿ ಪ್ರಾಣಿಯೇ ತಂತಿ ಎಡವಿ ಕ್ಯಾಮೆರಾ ಚಾಲೂ ಆಗುವ ವಿಧಾನದಿಂದ ರಾತ್ರಿಯಲ್ಲಿ ಹುಲಿಗಳ ಚಿತ್ರ ತೆಗೆದರು. ಇಂದಿನ ಕ್ಯಾಮೆರಾ ಟ್ರ್ಯಾಪ್‌ಗೆ ಅದೇ ಮೂಲ.

ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ಬೆಂಗಳೂರೇ ತವರು. ಪಕ್ಷಿ ಛಾಯಾಗ್ರಹಣದಲ್ಲಿ ಹೆಸರು ಮಾಡಿದ್ದ ಒ.ಸಿ. ಎಡ್ವರ್ಡ್ಸ್ ಅವರ ಗರಡಿಯಲ್ಲಿ ಪಳಗಿದವರು ಟಿ.ಎನ್.ಎ. ಪೆರುಮಾಳ್. ರಾತ್ರಿ ಸಂಚರಿಸುವ ಕಾಡುಪಾಪ, ಗೂಬೆಗಳ ಚಿತ್ರಗಳಿಂದ ಅಂತರರಾಷ್ಟ್ರೀಯ ಖ್ಯಾತಿ ಪಡೆದ ಅವರು 2017ರಲ್ಲಿ ನಿಧನರಾಗುವವರೆಗೂ ಹೊಸ ಪೀಳಿಗೆಗೆ ಮಾರ್ಗದರ್ಶಕರಾಗಿದ್ದರು. ಅವರ ಸಮಕಾಲೀನರಾದ ಇ. ಹನುಮಂತರಾವ್ (1930-2000) ವನ್ಯಜೀವಿ ಛಾಯಾಗ್ರಹಣವನ್ನು ವೃತ್ತಿಯಾಗಿ ಸ್ವೀಕರಿಸಿ ದೇಶ-ವಿದೇಶದ ಓದುಗರಿಗೆ ಇಲ್ಲಿನ ಕಾಡನ್ನು ಪರಿಚಯಿಸಿದರು. 1971ರಲ್ಲಿ ಆರಂಭವಾದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ ನೂರಾರು ಹವ್ಯಾಸಿಗಳಿಗೆ ಪಾಠಶಾಲೆಯಾಯಿತು.

ಹವ್ಯಾಸಿ ಎಂಬ ಮಾತಿಗೆ ಅರ್ಥ ತುಂಬಿದವರಲ್ಲಿ ಸಂಡೂರಿನ ಎಂ.ವೈ. ಘೋರ್ಪಡೆ (1931-2011) ಒಬ್ಬರು. ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದ ಅವರು ಕಡತಗಳ ನಡುವೆ ಬಿಡುವು ಮಾಡಿಕೊಂಡು ಕಾಡಿಗೆ ಹೋಗುತ್ತಿದ್ದರು. ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಪುಸ್ತಕ ಕಪ್ಪು-ಬಿಳುಪು ವನ್ಯಜೀವಿ ಚಿತ್ರಗಳಿಗೆ ಹೆಸರಾಗಿದೆ. ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡು ಹಕ್ಕಿಗಳ ಬೆನ್ನು ಹತ್ತಿದ ಸಾಹಿತಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938-2007) ಚಿತ್ರ ಮತ್ತು ಬರಹ ಎರಡನ್ನೂ ಜೊತೆಗಿಟ್ಟು ಕನ್ನಡ ಓದುಗರಿಗೆ ಪಕ್ಷಿಲೋಕದ ಬಾಗಿಲು ತೆರೆದರು. ಕಾಡಿಗೆ ಹೋಗದವರಿಗೂ ಹಕ್ಕಿಯ ಕನ್ನಡ ಹೆಸರು ಗೊತ್ತಾದದ್ದು ಅವರ ‘ಹಕ್ಕಿ ಪುಕ್ಕ’ದಂತಹ ಪುಸ್ತಕಗಳಿಂದ. ಮೈಸೂರಿನ ಕೃಪಾಕರ-ಸೇನಾನಿ ಜೋಡಿ ಮುಂದೆ ಚಲನಚಿತ್ರದ ಕಡೆ ಹೊರಳಿತು. ಸೀಳುನಾಯಿಗಳ ಕುರಿತ ಅವರ ‘ದಿ ಪ್ಯಾಕ್’ ಚಿತ್ರಕ್ಕೆ 2010ರಲ್ಲಿ ‘ಗ್ರೀನ್ ಆಸ್ಕರ್’ ಎಂದೇ ಕರೆಯಲಾಗುವ ವೈಲ್ಡ್‌ಸ್ಕ್ರೀನ್ ಪಾಂಡಾ ಪ್ರಶಸ್ತಿ ಬಂತು.

ಮೂವತ್ತಾರು ಚೌಕಟ್ಟಿನ ಕಾಲ

ಫಿಲ್ಮ್ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರಗಳು. ತೆಗೆದ ಚಿತ್ರ ಹೇಗೆ ಬಂದಿದೆ ಎಂಬುದು ತೊಳೆಸಿದ ಮೇಲೆಯೇ ಗೊತ್ತಾಗುತ್ತಿತ್ತು. ಬಣ್ಣದ ಸ್ಲೈಡ್ ಫಿಲ್ಮುಗಳ ವೇಗ ಕಡಿಮೆ. ಸ್ವಲ್ಪ ಬೆಳಕು ಹೆಚ್ಚು ಕಡಿಮೆಯಾದರೂ ಚಿತ್ರ ಕೆಟ್ಟಂತೆಯೇ. ಹೀಗಾಗಿ ಒಂದೊಂದು ಚಿತ್ರಕ್ಕೂ ಲೆಕ್ಕ ಹಾಕಿ ಷಟರ್ ಒತ್ತಬೇಕಿತ್ತು. ಹಕ್ಕಿಯ ಚಿತ್ರಕ್ಕಾಗಿ ಸೊಪ್ಪು-ಗೋಣಿತಾಟಿನ ಮರೆಗೂಡು ಕಟ್ಟಿ ದಿನಗಟ್ಟಲೆ ಕುಳಿತವರಿದ್ದರು.

1999ರಲ್ಲಿ ನಿಕಾನ್ ಡಿ1 ಬಂದಾಗ ಡಿಜಿಟಲ್ ಕ್ಯಾಮೆರಾ ವೃತ್ತಿಪರರ ಕೈಸೇರಿತು. 2003ರಲ್ಲಿ ಕ್ಯಾನನ್ 300ಡಿ ಸಾವಿರ ಡಾಲರ್‌ಗಿಂತ ಕಡಿಮೆ ಬೆಲೆಗೆ ಬಂದ ಮೇಲೆ ಹವ್ಯಾಸಿಗಳಿಗೂ ಅದು ಎಟುಕಿತು. 2009ರಲ್ಲಿ ಕೊಡಾಕ್ ಕಂಪನಿ ತನ್ನ ಪ್ರಸಿದ್ಧ ಕೊಡಾಕ್ರೋಮ್ ಫಿಲ್ಮಿನ ತಯಾರಿಕೆಯನ್ನೇ ನಿಲ್ಲಿಸಿತು. 2013ರ ಕೊನೆಯಲ್ಲಿ ಪ್ರಕಟವಾದ 150-600 ಮಿಲಿಮೀಟರ್‌ನ ಜೂಮ್ ಲೆನ್ಸ್‌ಗಳು ದೂರದ ಹಕ್ಕಿಯನ್ನು ಹತ್ತಿರ ತರುವ ಸಾಮರ್ಥ್ಯವನ್ನು ಅದಕ್ಕೂ ಹಿಂದಿನ ದುಬಾರಿ ಟೆಲಿಫೋಟೋ ಲೆನ್ಸ್‌ಗಳಿಗಿಂತ ಬಹಳ ಅಗ್ಗವಾಗಿಸಿದವು. 2020ರ ನಂತರದ ಕನ್ನಡಿರಹಿತ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಗುರುತಿಸಿ ಫೋಕಸ್ ಮಾಡುತ್ತವೆ.

ಯಂತ್ರ ಸುಲಭವಾದಷ್ಟೂ ಕೌಶಲದ ಜಾಗ ಬದಲಾಗಿದೆ. ಸ್ಪಷ್ಟವಾದ ಚಿತ್ರ ಇಂದು ಬಹುತೇಕ ಎಲ್ಲರಿಗೂ ಸಿಗುತ್ತದೆ. ಯಾವ ಜೀವಿ ಎಲ್ಲಿ, ಯಾವಾಗ, ಏನು ಮಾಡುತ್ತದೆ ಎಂಬ ಅರಿವಿದ್ದವನಿಗೆ ಮಾತ್ರ ಅರ್ಥಪೂರ್ಣ ಚಿತ್ರ ಸಿಗುತ್ತದೆ.

ಕೀಟಲೋಕ: ಮಿಲಿಮೀಟರ್‌ಗಳ ಲೆಕ್ಕ

ಹೊಸಬರಿಗೆ ಕೀಟಗಳೇ ಉತ್ತಮ ಆರಂಭ ಎಂಬುದು ಅನುಭವಿಗಳ ಅಭಿಮತ. ಇದಕ್ಕೆ ಕಾಡಿಗೆ ಹೋಗಬೇಕಿಲ್ಲ. ಮನೆಯ ಹಿತ್ತಲಿನ ಕರಿಬೇವಿನ ಗಿಡ, ಖಾಲಿ ಸೈಟಿನ ತುಂಬೆ ಗಿಡ, ಮಹಡಿ ಮೇಲಿನ ಕುಂಡ ಸಾಕು. ಕರಿಬೇವಿನ ಎಲೆ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂಬಳಿಹುಳು ಹಸಿರು ಬಣ್ಣಕ್ಕೆ ತಿರುಗಿ, ಪೊರೆಗೂಡಾಗಿ, ಚಿಟ್ಟೆಯಾಗಿ ಹೊರಬರುವುದನ್ನು ಕೆಲವೇ ವಾರಗಳಲ್ಲಿ ಚಿತ್ರಿಸಬಹುದು.

ಕೀಟದ ಚಿತ್ರಕ್ಕೆ ಮ್ಯಾಕ್ರೋ ಲೆನ್ಸ್ ಬೇಕಾಗುತ್ತದೆ. ವಸ್ತುವನ್ನು ಅದರ ಸಹಜ ಗಾತ್ರದಲ್ಲೇ ಸಂವೇದಕದ ಮೇಲೆ ಮೂಡಿಸುವ ಲೆನ್ಸ್ ಇದು. 90ರಿಂದ 105 ಮಿಲಿಮೀಟರ್ ನಾಭಿದೂರದವು ಹೆಚ್ಚು ಬಳಕೆಯಲ್ಲಿವೆ. ಖರ್ಚು ಮಾಡಲಾಗದವರು ಹಳೆಯ 50 ಮಿಲಿಮೀಟರ್ ಲೆನ್ಸನ್ನು ರಿವರ್ಸ್ ರಿಂಗ್ ಮೂಲಕ ತಿರುಗುಮುರುಗಾಗಿ ಜೋಡಿಸಿ ಹೆಚ್ಚು ಕಡಿಮೆ ಅದೇ ಫಲಿತಾಂಶ ಪಡೆಯುತ್ತಾರೆ. ಇಷ್ಟು ಹತ್ತಿರದಿಂದ ತೆಗೆಯುವಾಗ ಫೋಕಸ್ ಆಗುವ ಆಳ ಒಂದೆರಡು ಮಿಲಿಮೀಟರ್‌ಗೆ ಇಳಿಯುತ್ತದೆ. ಉಸಿರು ಬಿಗಿಹಿಡಿಯದಿದ್ದರೆ ಕಣ್ಣಿನ ಬದಲು ರೆಕ್ಕೆ ಸ್ಪಷ್ಟವಾಗುತ್ತದೆ. ಅಪರ್ಚರನ್ನು ಎಫ್ 8ರಿಂದ ಎಫ್ 16ರವರೆಗೆ ಕಿರಿದಾಗಿಸಿ, ಕಡಿಮೆಯಾದ ಬೆಳಕನ್ನು ಫ್ಲ್ಯಾಶ್‌ನಿಂದ ತುಂಬುವುದು ವಾಡಿಕೆ. ಫ್ಲ್ಯಾಶ್ ಬೆಳಕು ಗಡಸಾಗದಂತೆ ಬಿಳಿ ಹಾಳೆಯನ್ನೋ ಥರ್ಮೋಕೋಲ್ ಹಾಳೆಯನ್ನೋ ಅಡ್ಡ ಕಟ್ಟುವ ಮನೆಮದ್ದು ಎಲ್ಲೆಡೆ ಇದೆ.

ಕೀಟಗಳು ದೇಹದ ಬಿಸಿಗೆ ಬಿಸಿಲನ್ನು ನೆಚ್ಚಿದ ಜೀವಿಗಳು. ಹೊತ್ತು ಏರುವ ಮೊದಲು ಇಬ್ಬನಿ ಹೊತ್ತು ಹುಲ್ಲಿನ ಮೇಲೆ ಕುಳಿತ ಏರೋಪ್ಲೇನ್ ಚಿಟ್ಟೆ ಸುಲಭವಾಗಿ ಹಾರದು. ಬೇಸಿಗೆಯಲ್ಲಿ ಹೊಳೆಯಂಚಿನ ಒದ್ದೆ ಮರಳಿನ ಮೇಲೆ ಗಂಡು ಚಿಟ್ಟೆಗಳು ಲವಣ ಹೀರಲು ಗುಂಪುಗೂಡುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು, ಪಶ್ಚಿಮ ಘಟ್ಟದಿಂದ ಪೂರ್ವದ ಬಯಲಿಗೆ ನೀಲಿ ಪಟ್ಟೆಯ ‘ಡಾರ್ಕ್ ಬ್ಲೂ ಟೈಗರ್’, ಕಂದು ಬಣ್ಣದ ‘ಕಾಮನ್ ಕ್ರೋ’ ಚಿಟ್ಟೆಗಳು ಸಾವಿರಗಟ್ಟಲೆ ವಲಸೆ ಹೋಗುವುದುಂಟು.

ಕ್ಯಾಮೆರಾ ಇಲ್ಲದಿದ್ದರೆ ಕಣ್ತಪ್ಪಿಹೋಗುವ ಸೋಜಿಗಗಳೂ ಇಲ್ಲಿವೆ. ಮಲೆನಾಡಿಗರಿಗೆ ಚಿರಪರಿಚಿತವಾದ ಚಗಳಿ ಇರುವೆಯ ಸಾಲಿನ ಬಳಿ ಅಚ್ಚು ಇರುವೆಯಂತೆಯೇ ಕಾಣುವ ಒಂದು ಜಿಗಿಜೇಡ ಓಡಾಡುತ್ತಿರುತ್ತದೆ. ಮುಂಗಾಲುಗಳನ್ನು ಇರುವೆಯ ಮೀಸೆಯಂತೆ ಎತ್ತಿ ಆಡಿಸುತ್ತದೆ. ಗಂಡಿನ ಉದ್ದನೆಯ ದವಡೆಯಂತೂ ಇರುವೆ ಬಾಯಲ್ಲಿ ಏನನ್ನೋ ಕಚ್ಚಿಕೊಂಡು ಹೋಗುತ್ತಿರುವಂತೆ ತೋರುತ್ತದೆ. ಚಿತ್ರವನ್ನು ಹಿಗ್ಗಿಸಿ ಕಾಲುಗಳನ್ನು ಎಣಿಸಿದಾಗ ಆರಲ್ಲ, ಎಂಟು ಎಂಬುದು ಬಯಲಾಗುತ್ತದೆ.

ಕಾಡುಹೂಗಳು: ಗಾಳಿಯೇ ಎದುರಾಳಿ

ಹೂವು ಓಡಿಹೋಗುವುದಿಲ್ಲ ಎಂಬ ಸಮಾಧಾನದಿಂದ ಹೊರಟವರು ಗಾಳಿಗೆ ಸೋಲುತ್ತಾರೆ. ಬೆಳಗಿನ ಜಾವ ಗಾಳಿ ನಿಂತಿರುವಾಗ, ಮೋಡದ ಮೆದು ಬೆಳಕಿನಲ್ಲಿ ಹೂವಿನ ಬಣ್ಣ ಚೆನ್ನಾಗಿ ಮೂಡುತ್ತದೆ. ಮೇಲಿನಿಂದ ತೆಗೆಯುವುದಕ್ಕಿಂತ ನೆಲಕ್ಕೆ ಒರಗಿ ಹೂವಿನ ಮಟ್ಟದಿಂದ ತೆಗೆದಾಗ ಹಿನ್ನೆಲೆ ತಿಳಿಯಾಗುತ್ತದೆ.

ರಾಜ್ಯದಲ್ಲಿ ಮಳೆಗಾಲವೇ ಕಾಡುಹೂಗಳ ಹಬ್ಬ. ಬೇಲಿಯ ಮೇಲೆ ಬೆಂಕಿಯ ನಾಲಗೆಯಂತಹ ಗೌರಿ ಹೂ, ಘಟ್ಟದ ಬಂಡೆಗಳ ಸಂದಿಯಲ್ಲಿ ಕರ್ಣಕುಂಡಲದ ಜಾತಿಗಳು, ಮರದ ಕೊಂಬೆಯಿಂದ ಗೊಂಚಲಾಗಿ ಇಳಿಬೀಳುವ ಸೀತಾಳೆ ದಂಡೆ ಒಂದಾದ ಮೇಲೊಂದು ಅರಳುತ್ತವೆ. ಕರಾವಳಿಯ ಜಂಬಿಟ್ಟಿಗೆ ಹಾಸಿನ ಮೇಲೆ ನೀರು ನಿಂತಾಗ ಬೆರಳುಗುರಿನಷ್ಟು ಚಿಕ್ಕ ಕೀಟಾಹಾರಿ ಸಸ್ಯಗಳು ತಲೆ ಎತ್ತುತ್ತವೆ. ಪಾಳುಭೂಮಿ ಎಂದು ದಾಖಲೆಗಳಲ್ಲಿ ಬರೆಯಲಾದ ನೆಲ ಅದೆಷ್ಟು ಸಮೃದ್ಧ ಎಂಬುದಕ್ಕೆ ಹವ್ಯಾಸಿಗಳ ಚಿತ್ರಗಳೇ ಸಾಕ್ಷಿ.

2022ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಗಿರಿಶ್ರೇಣಿಯಲ್ಲಿ ಕುರಿಂಜಿ ಅರಳಿದಾಗ ಕ್ಯಾಮೆರಾ ಮತ್ತು ಮೊಬೈಲ್ ಹಿಡಿದ ಜನ ಮುಗಿಬಿದ್ದರು. ನೀಲಕುರಿಂಜಿ 12 ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ, ಒಣಗಿ ಸಾಯುವ ಗಿಡ. ಬೀಜ ಕಟ್ಟುವ ಮೊದಲೇ ಅದನ್ನು ಕಿತ್ತರೆ ಅಥವಾ ತುಳಿದರೆ ಆ ಜಾಗದ ಮುಂದಿನ ಸಂತತಿಗೇ ಕುತ್ತು. ಒಂದು ಚಿತ್ರಕ್ಕಾಗಿ ಹೂಗಳ ನಡುವೆ ಹೆಜ್ಜೆ ಇಡುವ ಮುನ್ನ ನೆನಪಿಡಬೇಕಾದ ಲೆಕ್ಕವಿದು.

ಹೂವಿನ ಚಿತ್ರದೊಂದಿಗೆ ಎಲೆ, ಕಾಂಡ, ಇಡೀ ಗಿಡ ಮತ್ತು ಅದು ಬೆಳೆದ ಜಾಗದ ಚಿತ್ರವೂ ಇದ್ದರೆ ಮಾತ್ರ ಸಸ್ಯಶಾಸ್ತ್ರಜ್ಞರು ಜಾತಿಯನ್ನು ಖಚಿತವಾಗಿ ಹೇಳಬಲ್ಲರು.

ಹಕ್ಕಿಗಳು: ತಾಳ್ಮೆಯ ಪರೀಕ್ಷೆ

ಹವ್ಯಾಸಿಗಳಲ್ಲಿ ಬಹುಪಾಲು ಮಂದಿಯ ಒಲವು ಹಕ್ಕಿಗಳ ಕಡೆಗೆ. ಕನಿಷ್ಠ 400 ಮಿಲಿಮೀಟರ್‌ನ ಲೆನ್ಸ್ ಇದ್ದರೆ ಒಳ್ಳೆಯದು. ಹಾರುವ ಹಕ್ಕಿಗೆ ಷಟರ್ ವೇಗ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದ ಆಸುಪಾಸಿನಲ್ಲಿರಬೇಕು. ಕುಳಿತ ಹಕ್ಕಿಗೆ ಅಷ್ಟು ಬೇಕಿಲ್ಲ. ಸೂರ್ಯ ಬೆನ್ನ ಹಿಂದಿರಬೇಕು, ಹಕ್ಕಿಯ ಕಣ್ಣು ಫೋಕಸ್‌ನಲ್ಲಿರಬೇಕು ಎಂಬ ಎರಡು ಸೂತ್ರಗಳು ಹಳೆಯವಾದರೂ ಮಾಸಿಲ್ಲ.

ಸ್ಥಳಗಳಿಗೆ ರಾಜ್ಯದಲ್ಲಿ ಬರವಿಲ್ಲ. ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು 2022ರಲ್ಲಿ ರಾಜ್ಯದ ಮೊದಲ ರಾಮ್‌ಸಾರ್ ತಾಣವೆನಿಸಿತು. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆಗಳನ್ನು ಅಲ್ಲಿ ದೋಣಿಯಿಂದಲೇ ಚಿತ್ರಿಸಬಹುದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರ ನಡುವಿನ ಮರಗಳಲ್ಲೇ ಮರಿ ಮಾಡುತ್ತವೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ನಂದಿಬೆಟ್ಟದಲ್ಲಿ ಹಳದಿ ಕತ್ತಿನ ಪಿಕಳಾರ ಮತ್ತು ನೀಲಗಿರಿ ಕಾಡುಪಾರಿವಾಳ ಕಾಣಸಿಗುತ್ತವೆ. ದಾಂಡೇಲಿ ಮಂಗಟ್ಟೆ ಹಕ್ಕಿಗಳಿಗೆ, ಭದ್ರಾ ಜಲಾಶಯ ನದೀ ರೀವಗಳಿಗೆ ಹೆಸರಾಗಿವೆ. ಉತ್ತರ ಕನ್ನಡದ ಗಣೇಶಗುಡಿಯಲ್ಲಿ ಬೇಸಿಗೆಯ ದಿನಗಳಲ್ಲಿ ನೀರಿನ ಬೋಗುಣಿಗಳ ಎದುರು ಕುಳಿತರೆ ಕಾಡಿನ ಹಕ್ಕಿಗಳು ತಾವಾಗಿ ಸ್ನಾನಕ್ಕೆ ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಬೀಡು. 2024ರಲ್ಲಿ ಅದಕ್ಕೂ ರಾಮ್‌ಸಾರ್ ಮಾನ್ಯತೆ ದೊರೆಯಿತು.

ಭೂದೃಶ್ಯ: ಹೊತ್ತು ನೋಡಿ ಹೊರಡಬೇಕು

ಬೆಟ್ಟ, ಕಣಿವೆ, ಜಲಪಾತಗಳ ಚಿತ್ರಕ್ಕೆ ದೊಡ್ಡ ಲೆನ್ಸ್‌ಗಿಂತ ಒಳ್ಳೆಯ ಟ್ರೈಪಾಡ್ ಮುಖ್ಯ. ಸೂರ್ಯೋದಯದ ನಂತರದ ಮತ್ತು ಸೂರ್ಯಾಸ್ತದ ಮೊದಲಿನ ಒಂದು ಗಂಟೆಯ ಓರೆ ಬೆಳಕಿನಲ್ಲಿ ನೆಲದ ಏರುತಗ್ಗು ಎದ್ದು ಕಾಣುತ್ತದೆ. ಹಂಪಿಯ ಮಾತಂಗ ಬೆಟ್ಟಕ್ಕೆ ಜನ ಕತ್ತಲಲ್ಲೇ ಹತ್ತುವುದು ಇದಕ್ಕಾಗಿಯೇ.

253 ಮೀಟರ್ ಎತ್ತರದಿಂದ ಧುಮುಕುವ ಜೋಗ ಜುಲೈನಿಂದ ಸೆಪ್ಟೆಂಬರ್‌ವರೆಗೆ ಮೈದುಂಬಿರುತ್ತದೆ. ಷಟರ್ ಅರ್ಧ ಸೆಕೆಂಡೋ ಒಂದು ಸೆಕೆಂಡೋ ತೆರೆದಿದ್ದರೆ ನೀರು ಹಾಲಿನ ಸೆರಗಿನಂತೆ ಮೂಡುತ್ತದೆ. ಹಗಲಿನಲ್ಲಿ ಅಷ್ಟು ಹೊತ್ತು ತೆರೆದಿಡಲು ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು. ಮಂಜು ಕವಿದು ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಮಾಯವಾದರೆ ಕಾಯುವುದೊಂದೇ ದಾರಿ. ಮಲೆನಾಡಿನ ಮಳೆಗಾಲಕ್ಕೆ ಛತ್ರಿ, ಒಣಬಟ್ಟೆ ಮತ್ತು ಉಂಬಳಕ್ಕೆ ಸುಣ್ಣ ಅಥವಾ ಉಪ್ಪು ಚೀಲದಲ್ಲಿರಬೇಕು.

ಚಾರಣದ ದಾರಿಗಳಲ್ಲಿ ಜನಸಂದಣಿ ಹೆಚ್ಚಿರುವುದರಿಂದ ನಿರ್ಬಂಧಗಳೂ ಬಂದಿವೆ. 2024ರ ಆರಂಭದಲ್ಲಿ ಕುಮಾರ ಪರ್ವತದಲ್ಲಿ ನೂಕುನುಗ್ಗಲು ಉಂಟಾದ ಬಳಿಕ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ನೋಂದಣಿ ವ್ಯವಸ್ಥೆ ಜಾರಿಗೆ ತಂದಿತು.

ಗೂಡಿನ ಚಿತ್ರ ಏಕೆ ಬೇಡ?

ಫಿಲ್ಮ್ ಕಾಲದ ಪ್ರಸಿದ್ಧ ಪಕ್ಷಿಚಿತ್ರಗಳಲ್ಲಿ ಹೆಚ್ಚಿನವು ಗೂಡಿನ ಬಳಿ ತೆಗೆದವು. ಅದಕ್ಕೆ ಕಾರಣವಿತ್ತು. ಅಂದಿನ ಲೆನ್ಸ್‌ಗಳಿಗೆ ದೂರ ಎಟುಕುತ್ತಿರಲಿಲ್ಲ, ಫಿಲ್ಮಿಗೆ ವೇಗವಿರಲಿಲ್ಲ. ಹಕ್ಕಿ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬರುವುದು ಗೂಡಿಗೆ ಮಾತ್ರ. ಹಿರಿಯರು ಮರೆಗೂಡನ್ನು ಹಲವು ದಿನಗಳ ಅವಧಿಯಲ್ಲಿ ಹಂತಹಂತವಾಗಿ ಹತ್ತಿರಕ್ಕೆ ಸರಿಸಿ, ಹಕ್ಕಿಗೆ ಒಗ್ಗಿಸಿ ಚಿತ್ರ ತೆಗೆಯುತ್ತಿದ್ದರು. ಅಂಥವರ ಸಂಖ್ಯೆಯೂ ಬೆರಳೆಣಿಕೆಯಷ್ಟಿತ್ತು.

ಇಂದು ಆ ಅನಿವಾರ್ಯತೆ ಉಳಿದಿಲ್ಲ. ಆದರೆ ಗೂಡಿನ ಸುದ್ದಿ ಮೊಬೈಲಿನಲ್ಲಿ ಹರಡಿದ ಮರುದಿನವೇ ಹತ್ತಾರು ಮಂದಿ ಅಲ್ಲಿರುತ್ತಾರೆ. ಅಡ್ಡ ಬರುವ ಎಲೆ-ಕೊಂಬೆ ಕತ್ತರಿಸಿದರೆ ಮರಿಗಳು ನೇರ ಬಿಸಿಲಿಗೆ ಬೀಳುತ್ತವೆ. ಕಾಗೆ, ಬಿಜ್ಜುಗಳಿಗೆ ಗೂಡಿನ ಗುಟ್ಟು ರಟ್ಟಾಗುತ್ತದೆ. ಜನರಿಗೆ ಅಂಜಿ ತಾಯಿಹಕ್ಕಿ ಗುಟುಕು ತರುವುದು ಕಡಿಮೆಯಾಗುತ್ತದೆ, ಕೆಲವೊಮ್ಮೆ ಗೂಡನ್ನೇ ತೊರೆಯುತ್ತದೆ. ಈ ಕಾರಣಕ್ಕೆ ಅನೇಕ ಸ್ಪರ್ಧೆಗಳು, ಛಾಯಾಗ್ರಾಹಕರ ಬಳಗಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿವೆ.

ಬೆಂಗಳೂರು ಹೊರವಲಯದ ಹೆಸರಘಟ್ಟ ಹುಲ್ಲುಗಾವಲಿನ ಕಥೆಯೂ ಇದೇ. ಚಳಿಗಾಲದಲ್ಲಿ ಬರುವ ಸೆಳೆವ ಜಾತಿಯ ಬೇಟೆಹಕ್ಕಿಗಳ ಬೆನ್ನಟ್ಟಿ ವಾಹನಗಳು ಹುಲ್ಲಿನ ಮೇಲೆ ಓಡಾಡಿ ದಾರಿಗಳೇ ಬಿದ್ದವು. ನೆಲಗುಬ್ಬಿ, ಟಿಟ್ಟಿಭಗಳು ನೆಲದ ಮೇಲೆಯೇ ಮೊಟ್ಟೆ ಇಡುವ ಹಕ್ಕಿಗಳು ಎಂಬುದನ್ನು ಚಕ್ರ ನೋಡುವುದಿಲ್ಲ. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಈ ಪ್ರದೇಶವನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸುವ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು.

ಇದಲ್ಲದೆ ಕೀಟಗಳನ್ನು ಫ್ರಿಜ್ಜಿನಲ್ಲಿಟ್ಟು ಜಡಗೊಳಿಸುವುದು, ಕಪ್ಪೆಯನ್ನು ಹಿಡಿದು ಬೇಕಾದ ಭಂಗಿಯಲ್ಲಿ ಕೂರಿಸುವುದು, ಗೂಬೆಗೆ ಇಲಿಯ ಆಮಿಷ ಒಡ್ಡುವುದು, ಧ್ವನಿಮುದ್ರಿತ ಕೂಗನ್ನು ಮೇಲಿಂದ ಮೇಲೆ ನುಡಿಸಿ ಹಕ್ಕಿಯನ್ನು ಕರೆಯುವುದು ಕೂಡ ಖಂಡನೆಗೆ ಗುರಿಯಾಗಿವೆ. ಕೂಗು ಕೇಳಿದ ಹಕ್ಕಿ ತನ್ನ ಸರಹದ್ದಿಗೆ ಎದುರಾಳಿ ಬಂದನೆಂದು ಭಾವಿಸಿ ಮೇವು ಬಿಟ್ಟು ಹೋರಾಟಕ್ಕೆ ನಿಲ್ಲುತ್ತದೆ. ತುಮಕೂರು ಭಾಗದಲ್ಲಿ ಕಾಣುವ ಕಾಡುಪಾಪದಂತಹ ನಿಶಾಚರಿಗಳ ದೊಡ್ಡ ಕಣ್ಣಿಗೆ ಬಿಳಿ ಟಾರ್ಚ್ ಬೆಳಕು ಹಿಂಸೆ. ಸಂಶೋಧಕರು ಕೆಂಪು ಬೆಳಕು ಬಳಸುವುದು ಅದಕ್ಕಾಗಿಯೇ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ವ್ಯಾಖ್ಯೆ ಬಹಳ ವಿಶಾಲವಾಗಿದೆ. ಕಾಡು ಹಕ್ಕಿ ಅಥವಾ ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆ ಇಲ್ಲವೇ ಗೂಡಿಗೆ ತೊಂದರೆ ಕೊಡುವುದು ಕೂಡ ಅದರಡಿ ಬೇಟೆಯೇ. ಅಂದರೆ ಬಂದೂಕು ಹಿಡಿಯದ ಛಾಯಾಗ್ರಾಹಕನೂ ಕಾನೂನಿನ ಕಣ್ಣಿನಲ್ಲಿ ಬೇಟೆಗಾರನಾಗಬಹುದು.

ಅಭಯಾರಣ್ಯಗಳಲ್ಲಿ ಛಾಯಾಗ್ರಹಣಕ್ಕೆ ಕಾಯ್ದೆಯ 28ನೇ ಕಲಂ ಪ್ರಕಾರ ಅನುಮತಿ ಪಡೆಯಬೇಕು. 2022ರ ತಿದ್ದುಪಡಿ, ಆವಾಸಸ್ಥಾನಕ್ಕಾಗಲಿ ವನ್ಯಜೀವಿಗಾಗಲಿ ಧಕ್ಕೆಯಾಗದಂತೆ ಚಿತ್ರೀಕರಣ ನಡೆಯಬೇಕೆಂಬ ಷರತ್ತನ್ನು ಸ್ಪಷ್ಟಪಡಿಸಿತು. ಸಾಮಾನ್ಯ ಉಲ್ಲಂಘನೆಗಳಿಗೆ ದಂಡದ ಗರಿಷ್ಠ ಮೊತ್ತ 25 ಸಾವಿರದಿಂದ 1 ಲಕ್ಷ ರೂಪಾಯಿಗೆ ಏರಿದ್ದೂ ಅದೇ ತಿದ್ದುಪಡಿಯಲ್ಲಿ. ಸಂರಕ್ಷಿತ ಅರಣ್ಯಗಳಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ.

ಚಿತ್ರವೇ ದಾಖಲೆ

ಹವ್ಯಾಸಿಯ ಚಿತ್ರ ಗೋಡೆಗೆ ತೂಗುಹಾಕುವ ಅಲಂಕಾರವಾಗಿಯೇ ಉಳಿಯಬೇಕಿಲ್ಲ. ದಿನಾಂಕ ಮತ್ತು ಸ್ಥಳ ಬರೆದಿಟ್ಟರೆ ಅದೊಂದು ವೈಜ್ಞಾನಿಕ ದಾಖಲೆ. ಮಂಗೋಲಿಯಾದಲ್ಲಿ ಸಂಶೋಧಕರು ಪಟ್ಟೆತಲೆ ಹೆಬ್ಬಾತುಗಳ ಕೊರಳಿಗೆ ಅಂಕಿ ಬರೆದ ಪಟ್ಟಿ ತೊಡಿಸುತ್ತಾರೆ. ಮೈಸೂರು ಸುತ್ತಲಿನ ಕೆರೆಗಳಲ್ಲಿ ಅಂತಹ ಹಕ್ಕಿಗಳನ್ನು ಇಲ್ಲಿನ ಛಾಯಾಗ್ರಾಹಕರು ಚಿತ್ರಿಸಿದ್ದಾರೆ. ಪಟ್ಟಿಯ ಅಂಕಿ ಓದುವಷ್ಟು ಸ್ಪಷ್ಟವಾಗಿ ಮೂಡಿದ ಒಂದೇ ಒಂದು ಚಿತ್ರ ಆ ಹಕ್ಕಿ ಹೊರಟ ನೆಲಕ್ಕೂ ಬಂದಿಳಿದ ಕೆರೆಗೂ ನಂಟು ಜೋಡಿಸುತ್ತದೆ. ಆ ಕೆರೆ ಏಕೆ ಉಳಿಯಬೇಕು ಎಂಬ ವಾದಕ್ಕೆ ಇದಕ್ಕಿಂತ ಬಲವಾದ ಪುರಾವೆ ಬೇರೆ ಬೇಕಿಲ್ಲ.

ಮಲೇಷ್ಯಾದ ಛಾಯಾಗ್ರಾಹಕರೊಬ್ಬರು ಕ್ವಾಲಾಲಂಪುರ ಸಮೀಪದ ಕಾಡಿನಲ್ಲಿ ತೆಗೆದು ಫ್ಲಿಕರ್ ತಾಣದಲ್ಲಿ ಹಾಕಿದ್ದ ಹಸಿರು ಕೀಟವೊಂದರ ಚಿತ್ರ ಕೀಟತಜ್ಞ ಶಾನ್ ವಿಂಟರ್‌ಟನ್ ಅವರ ಕಣ್ಣಿಗೆ ಬಿತ್ತು. ರೆಕ್ಕೆಯ ಗುರುತುಗಳು ಯಾವ ಗೊತ್ತಿರುವ ಜಾತಿಗೂ ಹೊಂದುತ್ತಿರಲಿಲ್ಲ. ಮತ್ತೆ ಅಲ್ಲಿಗೇ ಹೋಗಿ ಮಾದರಿ ಸಂಗ್ರಹಿಸಿದ ಬಳಿಕ 2012ರಲ್ಲಿ ಅದು ‘ಸೆಮಾಕ್ರೈಸಾ ಜೇಡ್’ ಎಂಬ ಹೊಸ ಜಾತಿಯಾಗಿ ಪ್ರಕಟವಾಯಿತು.

ಇಂತಹ ದಾಖಲೆಗಳಿಗೆಂದೇ ಇಂದು ವೇದಿಕೆಗಳಿವೆ. 2002ರಲ್ಲಿ ಆರಂಭವಾದ ಇ-ಬರ್ಡ್ ಹಕ್ಕಿಗಳಿಗೆ ಮೀಸಲು. 2008ರ ಐನ್ಯಾಚುರಲಿಸ್ಟ್ ಮತ್ತು ಅದೇ ವರ್ಷ ಶುರುವಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಲ್ಲ ಜೀವಿಗಳನ್ನೂ ಒಳಗೊಳ್ಳುತ್ತವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು ನಡೆಸುವ ‘ಬಟರ್‌ಫ್ಲೈಸ್ ಆಫ್ ಇಂಡಿಯಾ’ ತಾಣ ಬಹುಮಟ್ಟಿಗೆ ಹವ್ಯಾಸಿಗಳ ಚಿತ್ರಗಳ ಮೇಲೆಯೇ ನಿಂತಿದೆ. ಆದರೆ ಕಳ್ಳಸಾಗಣೆಗೆ ತುತ್ತಾಗುವ ಜೀವಿಗಳ ವಿಷಯದಲ್ಲಿ ಎಚ್ಚರ ಅಗತ್ಯ. ಮೊಬೈಲ್ ಚಿತ್ರದೊಳಗೆ ಜಾಗದ ಅಕ್ಷಾಂಶ-ರೇಖಾಂಶ ಅಡಗಿರಬಹುದು. ಕಾಡುಪಾಪ, ನಕ್ಷತ್ರ ಆಮೆಯಂತಹವುಗಳ ನಿಖರ ಜಾಗವನ್ನು ಬಹಿರಂಗಪಡಿಸದಿರುವುದೇ ಕ್ಷೇಮ.

ಹೊಸಬರಿಗೆ ಕೆಲವು ಸೂಚನೆಗಳು

* ಮೊದಲ ದಿನವೇ ದುಬಾರಿ ಲೆನ್ಸ್ ಕೊಳ್ಳುವ ಅಗತ್ಯವಿಲ್ಲ. ಇರುವ ಕ್ಯಾಮೆರಾದಲ್ಲಿ ಮನೆಯ ಸುತ್ತ ಆರು ತಿಂಗಳು ಅಭ್ಯಾಸ ಮಾಡಿದರೆ ಒಲವು ಹಕ್ಕಿಯ ಕಡೆಗೋ ಹೂವಿನ ಕಡೆಗೋ ಎಂಬುದು ಸ್ಪಷ್ಟವಾಗುತ್ತದೆ. ಬಳಸಿದ ಲೆನ್ಸ್‌ಗಳು ಅರ್ಧ ಬೆಲೆಗೆ ಸಿಗುವುದುಂಟು.

* ಚಿತ್ರ ತೆಗೆಯುವ ಮೊದಲು ಜೀವಿಯನ್ನು ಗುರುತಿಸಲು ಕಲಿಯಬೇಕು. ನಡವಳಿಕೆ ಬಲ್ಲವನಿಗೆ ಮುಂದಿನ ಕ್ಷಣ ಏನಾಗುವುದೆಂಬ ಅಂದಾಜು ಇರುತ್ತದೆ.

* ಒಂದೇ ಕೆರೆ, ಒಂದೇ ತೋಪಿಗೆ ವರ್ಷವಿಡೀ ಹೋಗುವುದು ಹತ್ತು ಊರು ಸುತ್ತುವುದಕ್ಕಿಂತ ಹೆಚ್ಚು ಕಲಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಕೀಟ ಮತ್ತು ಹೂವುಗಳಿಗೆ, ನವೆಂಬರ್‌ನಿಂದ ಮಾರ್ಚ್ ವಲಸೆ ಹಕ್ಕಿಗಳಿಗೆ ಸಕಾಲ.

* ಹಕ್ಕಿ ಮೇವು ನಿಲ್ಲಿಸಿ ಕತ್ತು ಎತ್ತಿ ನೋಡತೊಡಗಿದರೆ ಅಥವಾ ಬಿಟ್ಟೂಬಿಡದೆ ಕೂಗತೊಡಗಿದರೆ ಅದು ಹಿಂದೆ ಸರಿಯಲು ಸೂಚನೆ.

* ಕಡು ಬಣ್ಣದ ಬಟ್ಟೆ, ಗಟ್ಟಿ ಮಾತು, ಸುಗಂಧ ಬೇಡ. ಖಾಸಗಿ ತೋಟ-ಗದ್ದೆಗೆ ಕಾಲಿಡುವ ಮುನ್ನ ಒಡೆಯರ ಒಪ್ಪಿಗೆ ಇರಲಿ.

* ತೆಗೆದ ಚಿತ್ರಗಳನ್ನು ದಿನಾಂಕ, ಊರು, ಜಾತಿಯ ಹೆಸರಿನೊಂದಿಗೆ ಎರಡು ಕಡೆ ಸಂಗ್ರಹಿಸಿಡಬೇಕು. ಹೆಸರಿಲ್ಲದ ಸಾವಿರ ಚಿತ್ರಗಳು ಹತ್ತು ವರ್ಷದ ನಂತರ ತೆಗೆದವನಿಗೇ ಅಪರಿಚಿತವಾಗುತ್ತವೆ.

ಬಂದೂಕು ಬಿಟ್ಟು ಕ್ಯಾಮೆರಾ ಹಿಡಿದ ದಿನ ಈ ಹವ್ಯಾಸ ಒಂದು ಮಾತು ಕೊಟ್ಟಿತ್ತು. ಜೀವಿಯನ್ನು ಮನೆಗೆ ತರುವುದಿಲ್ಲ, ಅದರ ಚಿತ್ರವನ್ನಷ್ಟೇ ತರುತ್ತೇವೆ ಎಂಬುದೇ ಆ ಮಾತು. ಕ್ಯಾಮೆರಾ ಹಿಡಿದವರು ಕೆಲವರೇ ಇದ್ದಾಗ ಅದನ್ನು ಉಳಿಸಿಕೊಳ್ಳುವುದು ಸುಲಭವಿತ್ತು. ಪ್ರತಿ ಕೈಯಲ್ಲೂ ಕ್ಯಾಮೆರಾ ಇರುವ ಇಂದು ಅದನ್ನು ಉಳಿಸಿಕೊಳ್ಳಲು ಕೆಲವೊಮ್ಮೆ ಚಿತ್ರವನ್ನೇ ಬಿಟ್ಟುಬರಬೇಕಾಗುತ್ತದೆ. ಮರಿಗಳಿಗೆ ಗುಟುಕು ಹಿಡಿದು ಕೊಂಬೆಯ ಮೇಲೆ ಕಾಯುತ್ತಿರುವ ಹಕ್ಕಿಯನ್ನು ಕಂಡು ಕ್ಯಾಮೆರಾ ಕೆಳಗಿಳಿಸಿ ಹೊರಟುಬಂದವನು ಆ ದಿನ ಬರಿಗೈಯಲ್ಲಿ ಮರಳಿದ ಎನ್ನಲಾಗದು. ಮುಂದಿನ ವರ್ಷವೂ ಆ ಮರದಲ್ಲಿ ಹಕ್ಕಿ ಗೂಡು ಕಟ್ಟುವ ಸಾಧ್ಯತೆಯನ್ನು ಆತ ಉಳಿಸಿ ಬಂದಿರುತ್ತಾನೆ.